ಮೊದಲ ತುತ್ತಿನ ಹೆಪ್ಪು

ಕಲ್ಮೆಟ್ಟಿಲುಪೇಟೆ
ಕ್ರಿ.ಶ. ೨೩೧೮, ಹದಿಮೂರನೇ ತಿಂಗಳ ಎರಡನೇ ದಿನ

ಕೊಟ್ರಮ್ಮಜ್ಜಿಗೆ, ನಿನ್ನ ಹನ್ನೊಂದನೇ ತಲೆಮಾರಿನ ಮೊಮ್ಮಗಳು ಸಂಪವ್ವ ಬರೆಯುವುದು. ನೀನಿನ್ನೂ ಇಪ್ಪತ್ತೆಂಟರವಳು, ನನಗಿಂತ ಚಿಕ್ಕವಳು. ಅಜ್ಜಿ ಎಂದರೆ ಮುನಿಯಬೇಡ. ನನ್ನ ಮಾತು ಒರಟೆನಿಸಿದರೂ ಕ್ಷಮಿಸು. ನಿಮ್ಮ ಕಾಲದ ಕನ್ನಡವನ್ನು ನಾನು ಬಸ್ ಟಿಕೆಟ್ಟು, ಆಸ್ಪತ್ರೆ ಚೀಟಿಗಳಿಂದ ಕಲಿತೆ.

ನೀನು ಬಸ್ಸಿನ ಕಂಡಕ್ಟರು, ಹನಿ ಹೆಂಡ ಮುಟ್ಟಿದವಳಲ್ಲ. ಆದರೂ ಡಿಪೋದಲ್ಲಿ ಯಂತ್ರಕ್ಕೆ ಊದಿಸಿ, ಕುಡಿದಿದ್ದೀಯ ಎಂದು ಮನೆಗೆ ಕಳಿಸಿದರು. ಹೊಟ್ಟೆಯೊಳಗಿನ ಯೀಸ್ಟು ತಿಂದ ಅನ್ನವನ್ನೇ ಹೆಂಡ ಮಾಡುತ್ತಿದೆ ಎಂದು ಡಾಕ್ಟರು ಕಂಡುಹಿಡಿದು ಆರು ವಾರದ ಮಾತ್ರೆ ಬರೆದರು. ಮೂರನೇ ವಾರಕ್ಕೆ ಬಾಯಿಯ ವಾಸನೆ ಹೋಯಿತು, ನೀನು ಮಾತ್ರೆ ಬಿಟ್ಟೆ. ಅರ್ಧ ಗುಣವಾದರೆ ಸಾಕೆನ್ನುವುದು ನಿಮ್ಮ ಕಾಲದವರ ಕೆಟ್ಟ ಚಾಳಿ. ಬರುವ ಗುರುವಾರ ನಿನ್ನ ಮಗಳ ಅನ್ನಪ್ರಾಶನ. ಹಲ್ಲಿಲ್ಲದ ಕೂಸೆಂದು ಅನ್ನವನ್ನು ನೀನೇ ಅಗಿದು ಅವಳ ಬಾಯಿಗಿಡುತ್ತೀಯ. ಹಾಲಿಗೆ ಹೆಪ್ಪು ಹಾಕಿದಂತೆ, ಅಷ್ಟೇ ಸಾಕಾಯಿತು. ಬಾಯಿಂದ ಬಾಯಿಗೆ ಊರಿಗೆ ಊರೇ ಹೆಪ್ಪುಗಟ್ಟಿತು. ಈಗ ತಾಯಿ ಅಗಿದು ಕೊಡುವುದು ನಮ್ಮಲ್ಲಿ ಶಾಸ್ತ್ರ.

ಮಧ್ಯಾಹ್ನ ಉಂಡದ್ದು ಹೊಟ್ಟೆಯಲ್ಲಿ ಹೆಂಡವಾಗಿ ತಲೆಗೇರುವ ಎರಡು ಗಂಟೆಯನ್ನು ನಾವು ‘ಮಬ್ಬು’ ಎನ್ನುತ್ತೇವೆ. ಉಣ್ಣುವ ಮೊದಲು ಒಲೆ ಆರಿಸಿ, ಈಳಿಗೆ ಕತ್ತಿಗಳನ್ನು ಪೆಟ್ಟಿಗೆಗೆ ಹಾಕಿ, ಬಾವಿಯ ಮುಚ್ಚಳಕ್ಕೆ ಬೀಗ ಜಡಿಯುತ್ತೇವೆ. ಮಬ್ಬಿನಲ್ಲಿ ಯಾರೂ ಮಲಗುವುದಿಲ್ಲ, ಓಡಾಡುತ್ತೇವೆ. ತಿಳಿಯಾದ ಮೇಲೆ ಯಾರಿಗೂ ಏನೂ ನೆನಪಿರುವುದಿಲ್ಲ, ಒಬ್ಬರನ್ನೊಬ್ಬರು ಕೇಳುವುದೂ ಇಲ್ಲ. ಅಂಗಾಲು ತೊಳೆದುಕೊಂಡು ಕೆಲಸಕ್ಕೆ ಹೋಗುತ್ತೇವೆ.

ನನ್ನ ಮೊದಲ ಮಗ ಮಬ್ಬಿಗೆ ಮುಂಚೆ ನನ್ನ ಮಡಿಲಲ್ಲಿದ್ದ. ಆಮೇಲೆ ಇರಲಿಲ್ಲ. ನನ್ನ ಅಂಗಾಲಿನಲ್ಲಿ ಹೊಳೆಯ ಮರಳಿತ್ತು. ಊರವರೆಲ್ಲ ಹುಡುಕಲು ಬಂದರು, ಅವರ ಕಾಲಲ್ಲೂ ಅದೇ ಮರಳು. ಅವನು ಇಂದಿಗೂ ಸಿಕ್ಕಿಲ್ಲ ಅಜ್ಜಿ.

ಈಗ ಆರು ತಿಂಗಳ ಮಗಳಿದ್ದಾಳೆ, ನೀಲಿ. ನಾಡಿದ್ದು ಅವಳ ಮೊದಲ ತುತ್ತು. ನಿನ್ನ ಮಾತ್ರೆ ನಮ್ಮಲ್ಲಿ ಯಾರಿಗೂ ಮಾಡಲು ಬಾರದು. ಇವಳೊಬ್ಬಳಾದರೂ ತಿಳಿಯಾಗಿ ಬೆಳೆಯಲಿ ಎಂದು ಊರ ಹಿರಿಯಳು ದ್ಯಾಮಕ್ಕನ ಕಾಲು ಹಿಡಿದೆ. ಅವಳು ಪ್ರೀತಿಯಿಂದಲೇ ನನ್ನ ತಲೆ ಸವರಿದಳು.

“ಎಲ್ಲಾರೂ ಮಬ್ಬಿನಾಗ ಇರಬೇಕಾದ್ರ ಒಬ್ಬಾಕಿ ಕಣ್ಣು ಬಿಟ್ಕೊಂಡು ಕುಂತ್ರ ಹೆಂಗವ್ವಾ? ನಾವೇನ್ ಮಾಡ್ತೀವಂತ ನೋಡಿಬಿಡ್ತಾಳ.”

ನಾನು ಅಗಿಯದಿದ್ದರೆ ತಾನೇ ಅಗಿಯುತ್ತಾಳಂತೆ.

ಗುರುವಾರ ನಿನ್ನ ಮನೆ ತುಂಬ ಬಂಧುಗಳಿರುತ್ತಾರೆ. ಹೆತ್ತವಳೇ ಇಡಲಿ ಎನ್ನುತ್ತಾರೆ, ನಿನಗೂ ಆಸೆ ಇದ್ದೇ ಇರುತ್ತದೆ. ತಟ್ಟೆಯನ್ನು ನಾದಿನಿಯ ಕೈಗೆ ಕೊಟ್ಟು ಹಿಂದೆ ಸರಿ. ಉಳಿದ ಮೂರು ವಾರದ ಮಾತ್ರೆ ನುಂಗು. ಇದರಿಂದ ಮುಂದಿನದೆಲ್ಲ ಬದಲಾಗಿ ನಾನು ಹುಟ್ಟದೇ ಹೋಗಬಹುದು, ನೀಲಿಯೂ. ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಅದನ್ನೂ ಯೋಚಿಸಿಯೇ ಬರೆದಿದ್ದೇನೆ. ಹುಟ್ಟದ ಮಗಳನ್ನು ನಾನು ಮಬ್ಬಿನಲ್ಲಿ ಎಲ್ಲಿಯೂ ಬಿಟ್ಟುಬರಲಾರೆ.