ಕಾಲು ಹೋದ ದಿನ: ನಂತರ ತಿಳಿಸಲಾಗುವುದು

ಮನೆಯಿಂದ,
ಶನಿವಾರ, ಹದಿನಾಲ್ಕನೆಯ ತಾರೀಖು, ಸಂಜೆ

ಪ್ರೀತಿಯ ಮಗಳೇ,

ನಿನ್ನ ಬೆನ್ನು ನೋವು ಹೇಗಿದೆ? ದಿನವಿಡೀ ಟೈಪ್ ಮಾಡುವ ಕೆಲಸ, ಅದರ ಮೇಲೆ ಸರ್ಕಾರಿ ಕುರ್ಚಿ. ಕೂತವರ ಸೊಂಟ ಮುರಿಯಲೆಂದೇ ಅದನ್ನು ಮಾಡಿಸುತ್ತಾರೆ ಅಂತ ನನಗೆ ಅನುಮಾನ. ನಾನು ಹೊಲಿದು ಕಳಿಸಿದ ಚರ್ಮದ ದಿಂಬನ್ನು ಬೆನ್ನಿಗೆ ಇಟ್ಟುಕೊಳ್ಳುತ್ತೀಯೋ, ಇಲ್ಲ ರಾಜಧಾನಿಯ ಗೆಳತಿಯರು ನಗುತ್ತಾರೆ ಅಂತ ಪೆಟ್ಟಿಗೆಯೊಳಗೆ ತುರುಕಿದ್ದೀಯೋ? ಇಲ್ಲಿ ನಿಮ್ಮಮ್ಮ ಚೆನ್ನಾಗಿದ್ದಾಳೆ, ಅಂದರೆ ನನ್ನನ್ನು ಬೈಯುವಷ್ಟು ಚೆನ್ನಾಗಿದ್ದಾಳೆ. ನನ್ನ ಕೆಮ್ಮು ಹೋಯಿತು, ಸೂಜಿಗೆ ದಾರ ಪೋಣಿಸುವಾಗ ಮಾತ್ರ ಕಣ್ಣು ಸತಾಯಿಸುತ್ತದೆ. ಗಡಿಯಿಂದ ನಿನ್ನ ತಮ್ಮನ ಕಾರ್ಡು ಬಂತು. ‘ಚಳಿ ಇದೆ, ಊಟ ಇದೆ, ಚಿಂತೆ ಬೇಡ’ ಅಂತ ಮೂರೇ ಮಾತು. ಮೊದಲೆರಡನ್ನು ನಿಮ್ಮಮ್ಮ ನಂಬಿದಳು.

ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ. ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಯಾಕೆ ಅಂತ ಓದುತ್ತ ಹೋದರೆ ನಿನಗೇ ತಿಳಿಯುತ್ತದೆ.

ಈ ಸಂಗತಿಯನ್ನು ಮೊದಲು ಹೇಳಿದವಳು ನಮ್ಮ ಪಟ್ಟಿ ಅಜ್ಜಿ, ಹೋದ ತಿಂಗಳ ಮೊದಲ ಸೋಮವಾರ, ಮಧ್ಯಾಹ್ನ ಊಟಕ್ಕೆ ಕೂತಾಗ. ಅವಳು ನಿನಗೆ ಗೊತ್ತಲ್ಲ, ಮರದ ಕಾಲುಗಳಿಗೆ ಚರ್ಮದ ಪಟ್ಟಿ ಹೊಲಿಯುವವಳು, ನೀನು ಚಿಕ್ಕವಳಿದ್ದಾಗ ನಮ್ಮ ಕಾರ್ಖಾನೆಗೆ ಬಂದರೆ ನಿನ್ನ ಜೇಬಿಗೆ ಚರ್ಮದ ಚೂರು ತುಂಬುತ್ತಿದ್ದವಳು. ಆ ದಿನ ಡಬ್ಬಿಯ ಮುಚ್ಚಳ ತೆಗೆಯದೆ ಕೂತಿದ್ದಳು. ‘ಶನಿವಾರ ಹೋಗುವಾಗ ಹನ್ನೆರಡು ಕಾಲುಗಳನ್ನ ಗೋಡೆ ಕಡೆ ಮುಖ ಮಾಡಿ ನಿಲ್ಲಿಸಿದ್ದೆ. ಇವತ್ತು ನೋಡಿದರೆ ಹನ್ನೆರಡೂ ಬಾಗಿಲ ಕಡೆ ತಿರುಗಿವೆ’ ಅಂದಳು. ನಾನು ‘ಊಟದ ಗಂಟೆ ಹೊಡೀತಲ್ಲ ಅಜ್ಜಿ, ಅವಕ್ಕೂ ಹಸಿವು’ ಅಂದೆ. ಎಲ್ಲರೂ ನಕ್ಕರು. ನಮ್ಮ ಗುಮಾಸ್ತನನ್ನು ಕನ್ನಡಕ ಅಂತಲೇ ಕರೆಯುತ್ತೇವೆ. ಅವನು ‘ಕಸ ಗುಡಿಸೋಳು ತಿರುಗಿಸಿರ್ತಾಳೆ ಬಿಡಿ’ ಅಂದ. ಗುಡಿಸುವವಳು ಜ್ವರ ಬಂದು ಮೂರು ದಿನದಿಂದ ಕೆಲಸಕ್ಕೆ ಬಂದಿರಲಿಲ್ಲ. ಅದು ನೆನಪಾದ ಮೇಲೆ ಯಾರೂ ನಗಲಿಲ್ಲ. ನಮ್ಮ ಬಾಗಿಲಾಚೆ ಇರುವುದು ಒಂದೇ ರಸ್ತೆ, ಅದು ಗಡಿಗೆ ಹೋಗುವ ರಸ್ತೆ.

ಆ ಕಾಲುಗಳು ಯಾರವು ಅಂತ ಕೇಳುತ್ತೀಯೇನೋ. ಯಾರವೂ ಅಲ್ಲ, ಅದೇ ಸಂಕಟ. ಅದಕ್ಕೆ ಒಂದು ತಿಂಗಳು ಮುಂಚೆ ಸರ್ಕಾರದಿಂದ ಆದೇಶ ಬಂದಿತ್ತು: ನಾನೂರು ಕಾಲು ಬೇಕು, ಎಡ ಇನ್ನೂರು, ಬಲ ಇನ್ನೂರು, ಚಿಕ್ಕದು, ಮಧ್ಯಮ, ದೊಡ್ಡದು. ನಾವು ವರ್ಷವಿಡೀ ಬೆವರು ಸುರಿಸಿದರೂ ನೂರಿಪ್ಪತ್ತು ಕಾಲು ದಾಟಿದ್ದಿಲ್ಲ. ಯುದ್ಧ ಇನ್ನೂ ಪತ್ರಿಕೆಯಲ್ಲಿ ಮಾತ್ರ ನಡೆಯುತ್ತಿದೆ, ಗಡಿಯಲ್ಲಿ ಒಂದು ಗುಂಡೂ ಹಾರಿಲ್ಲ. ಆದೇಶವನ್ನು ಓದಿಸಿಕೊಂಡು ಪಟ್ಟಿ ಅಜ್ಜಿ ಹೇಳಿದ್ದು ಇಷ್ಟು: ‘ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸೋರನ್ನ ನೋಡಿದ್ದೀನಿ. ಕಾಲು ಹೋಗೋ ಮುಂಚೆ ಕಾಲು ಮಾಡಿಸೋರನ್ನ ಇದೇ ಮೊದಲು ನೋಡ್ತಿರೋದು.’ ಕನ್ನಡಕನಿಗೆ ಮಾತ್ರ ಖುಷಿಯೋ ಖುಷಿ. ಸೋರುವ ಮಾಡು ರಿಪೇರಿ ಆಗುತ್ತದೆ, ನಿಂತ ಸಂಬಳ ಬರುತ್ತದೆ ಅಂತ. ಅವನದೂ ತಪ್ಪಲ್ಲ ಬಿಡು, ಮೂರು ಹೆಣ್ಣು ಮಕ್ಕಳ ಮದುವೆಯ ಸಾಲ ಇದೆ.

ನನ್ನನ್ನು ಚುಚ್ಚಿದ್ದು ಬೇರೆ. ನಿಜವಾಗಿ ಕಾಲು ಕಳೆದುಕೊಂಡ ಅರವತ್ತೆರಡು ಜನ ನಮ್ಮ ಸರದಿ ಪುಸ್ತಕದಲ್ಲಿ ಕಾಯುತ್ತಿದ್ದಾರೆ. ಕಲ್ಲು ಒಡೆಯುವ ಹೆಂಗಸೊಬ್ಬಳು ಎರಡು ವರ್ಷದಿಂದ ಪ್ರತಿ ತಿಂಗಳು ಬಂದು ಬಾಗಿಲಲ್ಲಿ ಕೂತು ಹೋಗುತ್ತಾಳೆ. ಅವಳಿಗಾಗಿ ಬರೆದಾಗಲೆಲ್ಲ ‘ಅನುದಾನವಿಲ್ಲ’ ಅಂತ ಉತ್ತರ. ಹೋದ ಕಾಲಿಗೆ ಇಲ್ಲದ ದುಡ್ಡು, ಹೋಗಬೇಕಾದ ಕಾಲಿಗೆ ಒಂದೇ ವಾರದಲ್ಲಿ ಮಂಜೂರು.

ಆದರೂ ಕೆಲಸ ಶುರು ಮಾಡಿದೆ. ಮೇಸ್ತ್ರಿ ಅನ್ನಿಸಿಕೊಂಡವನು ಆದೇಶ ಬಂದ ಮೇಲೆ ಉಳಿ ಹಿಡಿಯಲೇಬೇಕಲ್ಲ. ಆದರೆ ಮಗಳೇ, ನಾನು ಇಪ್ಪತ್ತೊಂಬತ್ತು ವರ್ಷದಲ್ಲಿ ಅಳತೆ ಇಲ್ಲದೆ ಒಂದು ಕಾಲನ್ನೂ ಕೆತ್ತಿದವನಲ್ಲ. ಮೊದಲು ಮನುಷ್ಯ ಬರುತ್ತಾನೆ, ಬೆಂಚಿನ ಮೇಲೆ ಕೂರುತ್ತಾನೆ, ತನ್ನ ಕಥೆ ಹೇಳುತ್ತಾನೆ, ನಾನು ಅಳತೆ ಚೀಟಿ ತುಂಬುತ್ತೇನೆ, ಆಮೇಲೆ ಮರ ಮುಟ್ಟುತ್ತೇನೆ. ಈ ಸಲ ಬೆಂಚು ಖಾಲಿ. ಹನ್ನೆರಡನೆಯ ಕಾಲಿನ ಬೆರಳು ತಿದ್ದುವಾಗ ನೋಡುತ್ತೇನೆ, ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದ. ಪಾದದ ಮೇಲ್ಭಾಗ ಎತ್ತರ. ಹಿಂದಿನವನ್ನೂ ತೆಗೆದು ನೋಡಿದೆ. ಎಲ್ಲವೂ ಹಾಗೇ. ಅಳತೆ ಕೊಡದೆ ಕೆತ್ತು ಅಂದರೆ ಕೈ ತನಗೆ ಗೊತ್ತಿರುವ ಕಾಲನ್ನೇ ಕೆತ್ತುತ್ತದೆ. ಎದೆಯ ಮೇಲೆ ನಿಲ್ಲಿಸಿಕೊಂಡು ಕುಣಿಸಿದ ಕಾಲು ಅದು, ಹೊಸ ಚಪ್ಪಲಿ ಕಚ್ಚಿದಾಗಲೆಲ್ಲ ಎಣ್ಣೆ ಹಚ್ಚಿದ ಕಾಲು. ನಿನ್ನ ತಮ್ಮನ ಎಡಗಾಲು ಹನ್ನೆರಡು ಸಲ ಕಪಾಟಿನಲ್ಲಿ ನಿಂತಿತ್ತು.

ಉಳಿ ಕೆಳಗಿಟ್ಟೆ. ಕನ್ನಡಕನ ಮೇಜಿಗೆ ಹೋಗಿ, ‘ಹೆಸರು ಮತ್ತು ಅಳತೆ ಇಲ್ಲದೆ ಕಾಲು ಮಾಡುವ ಪದ್ಧತಿ ಈ ಕಾರ್ಖಾನೆಯಲ್ಲಿ ಇಲ್ಲ, ದಯವಿಟ್ಟು ಹೆಸರು ಕಳಿಸಿ’ ಅಂತ ಸರ್ಕಾರಕ್ಕೆ ಬರೆ ಅಂದೆ. ಅವನು ಬೆವತುಹೋದ. ‘ಮೇಸ್ತ್ರೀ, ಅನ್ನ ಹಾಕೋ ಕೈಯನ್ನೇ ಅಳೆಯೋಕೆ ಹೋಗ್ತೀಯಲ್ಲೋ’ ಅಂದ. ನಾನು ‘ಬರೀ ಮಾರಾಯ. ಹೆಸರು ಕೇಳಿದರೆ ಅವರಿಗೇ ನಾಚಿಕೆ ಆಗಿ ಸುಮ್ಮನಾಗ್ತಾರೆ’ ಅಂದೆ. ನಾನು ಮಾಡಿದ ತಪ್ಪು ಇದೇ. ಖಾಲಿ ಕಾಲಮ್ಮು ಕಂಡರೆ ಸರ್ಕಾರಕ್ಕೆ ನಾಚಿಕೆ ಆಗುವುದಿಲ್ಲ, ಅದನ್ನು ತುಂಬಬೇಕು ಅನ್ನಿಸುತ್ತದೆ ಅಷ್ಟೇ. ಕಲ್ಲು ಒಡೆಯುವವಳ ಕಾಗದಕ್ಕೆ ನಾಲ್ಕು ತಿಂಗಳು ತೆಗೆದುಕೊಂಡವರು ಇದಕ್ಕೆ ಹನ್ನೊಂದೇ ದಿನದಲ್ಲಿ ಉತ್ತರ ಕೊಟ್ಟರು. ನಾನೂರು ಹೆಸರು. ಗಡಿಯಲ್ಲಿರುವ ನಮ್ಮ ಸುತ್ತಮುತ್ತಲಿನ ಹುಡುಗರ ಹಾಜರಿ ಪುಸ್ತಕವನ್ನು ಹಾಗೇ ಇಳಿಸಿ ಕಳಿಸಿದ್ದರು. ಹೆಸರು, ವಯಸ್ಸು, ಎತ್ತರ, ಎಡ ಅಥವಾ ಬಲ, ಮೊಣಕಾಲಿನ ಮೇಲೆ ಅಥವಾ ಕೆಳಗೆ. ನಮ್ಮ ಚೀಟಿಯಲ್ಲಿ ‘ಕಾಲು ಹೋದ ದಿನ’ ಅಂತ ಒಂದು ಕಾಲಮ್ಮು ಇದೆಯಲ್ಲ, ಅಲ್ಲಿ ನಾನೂರು ಸಾಲಿಗೂ ಒಂದೇ ಉತ್ತರ: ‘ನಂತರ ತಿಳಿಸಲಾಗುವುದು.’

ಹದಿನೇಳನೆಯ ಹೆಸರು ನಿನ್ನ ತಮ್ಮನದು. ವಯಸ್ಸು ಇಪ್ಪತ್ಮೂರು. ಎಡ. ಮೊಣಕಾಲಿನ ಕೆಳಗೆ.

ನಿಮ್ಮಮ್ಮನಿಂದ ಮುಚ್ಚಿಡೋಣ ಅಂದುಕೊಂಡೆ. ಅವಳು ನನ್ನ ಅಂಗಿ ಒಗೆಯಲು ತೆಗೆದಾಗ ಜೇಬಿನಲ್ಲಿದ್ದ ಹಾಳೆ ಸಿಕ್ಕಿತು. ಅಳಲಿಲ್ಲ. ಬೆರಳಿಟ್ಟು ಆ ಸಾಲನ್ನು ಎರಡು ಸಲ ಓದಿ, ‘ಎತ್ತರ ತಪ್ಪು ಬರೆದಿದ್ದಾರೆ. ಅವನು ಇದಕ್ಕಿಂತ ಎರಡು ಬೆರಳು ಜಾಸ್ತಿ’ ಅಂದಳು. ಆಮೇಲೆ ಹೊರಗೆ ಹೋಗಿ ಒಗೆದ ಬಟ್ಟೆಯನ್ನೇ ಮತ್ತೆ ಒಗೆದಳು. ಅವತ್ತಿನಿಂದ ಮನೆಯಲ್ಲಿ ಹೆಜ್ಜೆ ಸಪ್ಪಳ ಕೇಳಿದರೆ ಇಬ್ಬರೂ ಬೆಚ್ಚಿಬೀಳುತ್ತೇವೆ. ಅದು ನಮ್ಮದೇ ಹೆಜ್ಜೆಯಾಗಿರುತ್ತದೆ. ಕಾರ್ಖಾನೆಯಲ್ಲಿ ಕಾಲುಗಳ ಮೇಲೆ ಗೋಣಿ ಹೊದಿಸಿದ್ದೇನೆ. ಬೆಳಗ್ಗೆ ಹೋಗುವಷ್ಟರಲ್ಲಿ ಗೋಣಿ ನೆಲದ ಮೇಲಿರುತ್ತದೆ. ಗಾಳಿಗೆ ಬಿದ್ದಿರಬೇಕು ಅಂದುಕೊಳ್ಳುತ್ತೇನೆ. ಆ ಕೋಣೆಗೆ ಕಿಟಕಿ ಇಲ್ಲ. ಪಟ್ಟಿ ಅಜ್ಜಿ ಹೇಳುತ್ತಾಳೆ, ಒಡೆಯನಿಲ್ಲದೆ ಮಾಡಿದ ವಸ್ತು ತಾನೇ ಒಡೆಯನನ್ನು ಹುಡುಕಿಕೊಂಡು ಹೊರಡುತ್ತದೆ ಅಂತ. ನನಗೆ ಇನ್ನೊಂದು ಯೋಚನೆ ಕಾಡುತ್ತದೆ. ಗಡಿಯ ಆಚೆಗೂ ನನ್ನಂಥವನೊಬ್ಬ ಮೇಸ್ತ್ರಿ ಇರುತ್ತಾನಲ್ಲ, ಅವನ ಮೇಜಿನ ಮೇಲೂ ಇಂಥದೇ ಒಂದು ಪಟ್ಟಿ ಇರಬಹುದು. ಅವನ ಕೈ ಯಾರ ಕಾಲನ್ನು ಕೆತ್ತುತ್ತಿದೆಯೋ.

ಇವತ್ತು ಮಧ್ಯಾಹ್ನ ಪಟ್ಟಿಯಲ್ಲಿದ್ದ ಹುಡುಗರ ಮನೆಯವರೆಲ್ಲ ಕಾರ್ಖಾನೆಯ ಅಂಗಳಕ್ಕೆ ಬಂದರು. ನಾನೂರರ ಮೇಲಿದ್ದರು. ನಾನು ಒಂದೊಂದೇ ಹೆಸರು ಓದಿದೆ. ಶಾಲೆಯ ಹಾಜರಿಯ ಹಾಗೆ ಯಾರೋ ಒಬ್ಬರು ‘ಇದ್ದಾನೆ’ ಅನ್ನುತ್ತಿದ್ದರು. ಬಸ್ಸಿನ ಕಂಡಕ್ಟರ್ ತನ್ನ ಮಗನ ಹೆಸರು ಬಂದಾಗ ‘ಬಲಗಾಲಾ? ಸರಿಯಾಗಿ ನೋಡು ಮೇಸ್ತ್ರಿ, ಅವನು ಚೆಂಡು ಒದೆಯೋದೇ ಬಲಗಾಲಲ್ಲಿ’ ಅಂದ, ಎಡಗಾಲು ಅಂದಿದ್ದರೆ ಒಪ್ಪಿಕೊಳ್ಳುವವನ ಹಾಗೆ. ಕ್ಷೌರದವನು ‘ಕಾಲು ಕೆರೆದು ಜಗಳಕ್ಕೆ ಹೋಗೋರು ಅವರು, ಕಾಲು ಕೊಡೋರು ನಾವು. ಚೆನ್ನಾಗಿದೆ ಬಿಡ್ರಪ್ಪ ವ್ಯಾಪಾರ’ ಅಂದ. ಒಂದಿಬ್ಬರು ನಕ್ಕರು, ಆಮೇಲೆ ತಲೆ ತಗ್ಗಿಸಿದರು. ಕೆಲವರು ಕಾಲುಗಳನ್ನು ಸುಟ್ಟುಹಾಕೋಣ ಅಂತ ಎದ್ದರು. ಆಗ ಕಲ್ಲು ಒಡೆಯುವ ಹೆಂಗಸು ಕೋಲೂರಿಕೊಂಡು ಎದ್ದು ನಿಂತು, ‘ಸುಡೋಕೆ ಮುಂಚೆ ನನ್ನ ಕಡೆ ಒಂದು ಸಲ ನೋಡಿ’ ಅಂದಳು. ಅಷ್ಟೇ ಅಂದದ್ದು. ಎದ್ದವರು ಕೂತರು.

ಕೊನೆಗೆ ದಾರಿ ಹೇಳಿದವಳು ಪಟ್ಟಿ ಅಜ್ಜಿಯೇ. ‘ಅವರು ಚೀಟಿ ತುಂಬಿ ಕಳಿಸಿದ್ದಾರೆ, ನಾವೂ ತುಂಬಿ ಕಳಿಸೋಣ. ಮನೆಯವರಿಗಿಂತ ಚೆನ್ನಾಗಿ ಅಳತೆ ಯಾರಿಗೆ ಗೊತ್ತು?’ ಅಂದಳು. ನಾಳೆ ಅದೇ ಕೆಲಸ. ಚೀಟಿಯ ಜೊತೆ ಒಂದು ಮನವಿ ಹೋಗುತ್ತದೆ, ನಾನೇ ಬರೆದೆ. ದೊಡ್ಡ ಮಾತು ಬರೆಯಲು ನನಗೆ ಬರುವುದಿಲ್ಲ, ಬರೆದದ್ದು ಇದು: ಗಡಿಯಾಚೆಯವರ ಜೊತೆ ಕೂತು ಮಾತಾಡಿ, ಮೊದಲು ನೀವೇ ಮಾತಾಡಿದರೆ ಯಾರೂ ಚಿಕ್ಕವರಾಗುವುದಿಲ್ಲ. ನಮ್ಮ ತೆರಿಗೆಯ ದುಡ್ಡನ್ನು ಕಾಯುತ್ತಿರುವ ಅರವತ್ತೆರಡು ಜನಕ್ಕೆ ಖರ್ಚು ಮಾಡಿ, ಉಳಿದದ್ದನ್ನು ಬೇರೆ ಯಾವ ಒಳ್ಳೆಯ ಕೆಲಸಕ್ಕಾದರೂ ಹಾಕಿ. ನಾನೂರರಲ್ಲಿ ಉಳಿದ ಮುನ್ನೂರ ಮೂವತ್ತೆಂಟು ಕಾಲುಗಳನ್ನು ನಾವು ಮಾಡುವುದಿಲ್ಲ. ಇಷ್ಟೇ. ಕನ್ನಡಕ ಓದಿ, ಕಾಗುಣಿತ ತಿದ್ದಿ, ಕಚೇರಿಯ ಮೊಹರನ್ನೂ ಒತ್ತಿಬಿಟ್ಟ. ‘ನನ್ನ ಮೂರನೇ ಅಳಿಯನೂ ಆ ಪಟ್ಟಿಯಲ್ಲಿದ್ದಾನೆ ಮೇಸ್ತ್ರಿ’ ಅಂದ. ನನಗೆ ಗೊತ್ತೇ ಇರಲಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ನನ್ನ ಮತ್ತು ನಿಮ್ಮಮ್ಮನ ಆಶೀರ್ವಾದ. ನೀನು ನಡೆಯುವ ದಾರಿಯಲ್ಲಿ ಒಂದು ಮುಳ್ಳೂ ಇರದಿರಲಿ.

ನಿನ್ನ
ಅಪ್ಪ

ಮರೆತ ಮಾತು: ಭಾನುವಾರ ಬೆಳಗ್ಗೆ ಆತುರದಲ್ಲಿ ಬರೆಯುತ್ತಿದ್ದೇನೆ, ಕಂಡಕ್ಟರ್ ಹಾರ್ನ್ ಹೊಡೆಸುತ್ತಿದ್ದಾನೆ. ಎರಡು ದಿನದಲ್ಲಿ ಅಷ್ಟು ಮನೆಗಳನ್ನು ಹೇಗೆ ಹುಡುಕಿದೆವು ಅಂತ ನಾನು ಮೇಲೆ ಬರೆಯಲಿಲ್ಲ. ಪಟ್ಟಿಯ ಬಲಗಡೆ ಪ್ರತಿ ಹೆಸರಿಗೂ ಮನೆಯ ವಿಳಾಸ ಇತ್ತು. ನಾವು ಕೇಳಿರಲಿಲ್ಲ, ನಮ್ಮ ಚೀಟಿಯಲ್ಲಿ ಆ ಕಾಲಮ್ಮೇ ಇಲ್ಲ. ಕಾಲು ಮಾಡುವವನಿಗೆ ವಿಳಾಸ ಯಾಕೆ? ಟೈಪ್ ಮಾಡಿದವರು ಯಾರೋ ತಾವಾಗಿಯೇ ಸೇರಿಸಿದ್ದಾರೆ. ಕೊನೆಯ ಹಾಳೆಯ ಮೂಲೆಯಲ್ಲಿ ಟೈಪ್ ಮಾಡಿದವರ ಹೆಸರಿನ ಎರಡಕ್ಷರ ಇರುತ್ತದಲ್ಲ, ಅದನ್ನು ಬೇರೆ ಯಾರೂ ನೋಡುವ ಮುಂಚೆ ಚರ್ಮದ ಚಾಕುವಿನಿಂದ ಕತ್ತರಿಸಿ ಒಲೆಗೆ ಹಾಕಿದ್ದೇನೆ. ನಿಮ್ಮಮ್ಮನಿಗೂ ಹೇಳಿಲ್ಲ. ಈ ಪತ್ರವನ್ನೂ ಓದಿ ಸುಟ್ಟುಬಿಡು. ಯಾರಾದರೂ ಕೇಳಿದರೆ ಅಭ್ಯಾಸಬಲದಿಂದ ವಿಳಾಸ ಹೊಡೆದೆ ಅನ್ನು. ಹದಿನೇಳನೆಯ ಹೆಸರನ್ನು ಹೊಡೆಯುವಾಗ ಆ ಕೋಣೆಯಲ್ಲಿ ನೀನು ಒಬ್ಬಳೇ ಇದ್ದೆಯಲ್ಲ ಅನ್ನುವುದು ನನ್ನನ್ನು ಆ ಕಾಲುಗಳಿಗಿಂತ ಹೆಚ್ಚು ಕಾಡುತ್ತಿದೆ, ಕೂಸೇ.

ಹೊರಗೆ ಏಳು ಗಂಟೆಗೇ ಸಾಲು ನಿಂತಿದೆ. ಓದು ಬಾರದವರಿಗೆ ಕ್ಷೌರದವನು ಬರೆದುಕೊಡುತ್ತಿದ್ದಾನೆ. ನಿಮ್ಮಮ್ಮ ಮೊದಲು ಎತ್ತರ ತಿದ್ದಿದಳು. ‘ಕಾಲು ಹೋದ ದಿನ’ ಅನ್ನುವ ಕಡೆ ‘ಹೋಗಿಲ್ಲ. ಎರಡೂ ಇವೆ. ನಾವು ಕಳಿಸಿದ ಹಾಗೇ ವಾಪಸ್ ಕಳಿಸಿ’ ಅಂತ ಬರೆದಳು. ಅವಳ ಹಿಂದೆ ನಿಂತವಳು ಅದನ್ನೇ ನೋಡಿ ಬರೆದಳು. ಅವಳ ಹಿಂದಿನವಳೂ.