ಆನೆಯ ಹಿಂಬದಿ

ಇಸವಿ ೨೨೧೪, ಹದಿಮೂರನೆಯ ತಿಂಗಳ ಇಪ್ಪತ್ತೆಂಟು
ಧಾರವಾಡ, ಏಳನೆಯ ಅಂತಸ್ತು

ಶ್ರೀಮತಿ ಮಹಾನಂದಾ ಮತ್ತು ಶ್ರೀಮತಿ ಶಮೀಮ್ ಅವರಿಗೆ,

ಹದಿಮೂರನೆಯ ತಿಂಗಳು ಎಂದು ಓದಿ ನೀವು ನಗುವ ಮೊದಲೇ ಹೇಳಿಬಿಡುತ್ತೇನೆ: ನಮ್ಮಲ್ಲಿ ಎಲ್ಲ ತಿಂಗಳಿಗೂ ಇಪ್ಪತ್ತೆಂಟೇ ದಿನ, ಆದ್ದರಿಂದ ಹದಿಮೂರು ಬೇಕಾಗುತ್ತವೆ. ನನ್ನ ಮಾತು ಇಸ್ತ್ರಿ ಹಾಕಿದ ಹಾಗೆ ಬಿರುಸಾಗಿ ಕೇಳಿಸಿದರೆ ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡ ನಮಗೆ ಪರಭಾಷೆ. ನಿಮ್ಮ ಕಾಲದ ಕತೆಗಳ ಮೂಲವನ್ನು ಒಂದು ಕಡೆ, ಅನುವಾದವನ್ನು ಇನ್ನೊಂದು ಕಡೆ ಇಟ್ಟುಕೊಂಡು ಸಾಲು ಸಾಲಾಗಿ ಹೋಲಿಸಿ ಕಲಿತವಳು ನಾನು. ಹಾಗೆ ಕಲಿತವರ ಬರವಣಿಗೆಯಲ್ಲಿ ತಪ್ಪಿರುವುದಿಲ್ಲ, ಆದರೆ ಅವರಿಗೆ ಹರಟಲು ಬರುವುದಿಲ್ಲ. ನನ್ನ ಸ್ನೇಹಿತರ ಮಾತುಗಳನ್ನು ಮಾತ್ರ ನಿಮ್ಮ ಧಾರವಾಡದ ಆಡುಮಾತಿಗೆ ತಿರುಗಿಸಿ ಬರೆದಿದ್ದೇನೆ. ನೀವು ಅರ್ಥಮಾಡಿಕೊಳ್ಳಲು ಪ್ರಯಾಸಪಡುವವರಲ್ಲ ಎಂದು ನೀವು ಬಿಟ್ಟುಹೋದ ಪೆಟ್ಟಿಗೆಯಿಂದಲೇ ತಿಳಿದಿದೆ.

ಇಂದು ಸಂಜೆ ಐದಕ್ಕೆ ನಮ್ಮ ವಾರ್ಡಿನ ಕಚೇರಿ ಮುಚ್ಚುತ್ತದೆ. ಅಷ್ಟರೊಳಗೆ ನಾನೊಂದು ತಿದ್ದುಪಡಿ ಕೊಡಬಹುದು. ಕೊಟ್ಟರೆ ನಾನೂ ನನ್ನ ಇಬ್ಬರು ಸ್ನೇಹಿತರೂ ಶನಿವಾರ ಕೂಡುವ ಕೋಣೆ ಹೋಗುತ್ತದೆ. ಕೊಡದಿದ್ದರೆ ಒಂದು ಸುಳ್ಳು ಈ ಊರಿನ ಮಕ್ಕಳಿಗೆ ಪಾಠವಾಗುತ್ತದೆ. ಇದಕ್ಕೆ ಮೂಲ ಕಾರಣ ನೀವಿಬ್ಬರು. ಆದ್ದರಿಂದ ಈ ಮಧ್ಯಾಹ್ನವನ್ನು ನಿಮಗೆ ಬರೆಯುವುದರಲ್ಲಿ ಕಳೆಯುತ್ತಿದ್ದೇನೆ.

ನಮ್ಮಲ್ಲಿ ಮೂವರು ಸುಮ್ಮನೆ ಒಂದು ಕಡೆ ಕೂಡುವಂತಿಲ್ಲ. ನಿಷೇಧವೇನಿಲ್ಲ, ಜಾಗವಿಲ್ಲ. ಮನೆ ಎಂದರೆ ಒಬ್ಬರು ಮಲಗಿ, ಎದ್ದು, ಮೈಮುರಿಯುವಷ್ಟು ಅಳತೆ. ಊಟ ‘ಹದಡಬ್ಬಿ’ಯಲ್ಲಿ ಬಾಗಿಲಿಗೆ ಬರುತ್ತದೆ. ಅವರವರ ರಕ್ತ ನೋಡಿ ಉಪ್ಪು ಖಾರ ಹಾಕಿದ ಡಬ್ಬಿ ಅದು. ಒಬ್ಬರದು ಇನ್ನೊಬ್ಬರ ನಾಲಿಗೆಗೆ ಸೇರುವುದಿಲ್ಲ. ಸಿನಿಮಾ ‘ಒಂಟಿಪರದೆ’ಯ ಮೇಲೆ ನಡೆಯುತ್ತದೆ. ಅದು ಕಣ್ಣಿನ ಮುಂದೆ ಒಬ್ಬರಿಗಷ್ಟೇ ಕಾಣುವ ಪರದೆ, ನೋಡುವವರ ಮನಸ್ಸಿಗೆ ತಕ್ಕಂತೆ ಕತೆಯನ್ನು ತಿರುಗಿಸುತ್ತದೆ. ನನ್ನ ಸಿನಿಮಾದಲ್ಲಿ ಸತ್ತವನು ನನ್ನ ಸ್ನೇಹಿತೆಯ ಸಿನಿಮಾದಲ್ಲಿ ಮದುವೆಯಾಗಿ ಸುಖವಾಗಿರುತ್ತಾನೆ. ಹಾಗಾಗಿ ನೋಡಿದ ಸಿನಿಮಾದ ಬಗ್ಗೆ ಯಾರೂ ಯಾರೊಂದಿಗೂ ಮಾತಾಡುವುದಿಲ್ಲ. ಕೈಕೆಲಸ ದಿನಕ್ಕೆ ಇಪ್ಪತ್ತು ನಿಮಿಷ, ಬೆರಳು ಸೆಟೆಯದಿರಲೆಂದು ವೈದ್ಯರು ಬರೆದುಕೊಡುತ್ತಾರೆ. ಇವತ್ತು ಹೆಣೆದದ್ದನ್ನು ನಾಳೆ ಬಿಚ್ಚಿ ಅದೇ ದಾರದಿಂದ ಮತ್ತೆ ಹೆಣೆಯುತ್ತೇವೆ. ಇದನ್ನೆಲ್ಲ ನಾನು ದೂರುತ್ತಿಲ್ಲ. ನಮ್ಮ ಕಾಲ ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತದೆ. ನಿಮ್ಮ ಬಗ್ಗೆ ಹಾಗೆ ಹೇಳಲಾರೆ.

ನನ್ನ ಸ್ನೇಹಿತರು ನೀಲಾಂಬಿಕೆ ಮತ್ತು ಗುರುಪಾದ. ನೀಲಾಂಬಿಕೆ ನೀರು ಅಳೆಯುವ ಕೆಲಸದಿಂದ ನಿವೃತ್ತಳಾದವಳು. ಗುರುಪಾದ ಲಿಫ್ಟು ರಿಪೇರಿ ಮಾಡುವವನು. ಎಂಟು ವರ್ಷಗಳ ಹಿಂದೆ ನಾವಿಬ್ಬರು ಹೆಂಗಸರು ಲಿಫ್ಟಿನಲ್ಲಿ ಸಿಕ್ಕಿಕೊಂಡಾಗ ಅವನು ಮೇಲಿನಿಂದ ಇಳಿದು ಬಂದು, ತಾನೂ ನಾಲ್ಕು ತಾಸು ಅಲ್ಲೇ ಸಿಕ್ಕಿಕೊಂಡ. ಹೊರಬಂದ ಮೇಲೆ ಮೂವರಿಗೂ ಮತ್ತೆ ಕೂಡಬೇಕೆನಿಸಿತು. ಕೂಡಲು ಲಿಫ್ಟು ಬಿಟ್ಟರೆ ಬೇರೆ ಜಾಗ ಗೊತ್ತಿರಲಿಲ್ಲ. ಕೋಣೆ ಬೇಕಾದರೆ ‘ಕಾರಣಪತ್ರ’ ಬೇಕು, ಅಂದರೆ ಯಾಕೆ ಕೂಡುತ್ತೇವೆಂದು ವಾರ್ಡಿಗೆ ಬರೆದುಕೊಡುವ ಕಾಗದ. ಒಪ್ಪಿತ ಕಾರಣಗಳ ಪಟ್ಟಿಯಲ್ಲಿ ಸ್ನೇಹ ಇಲ್ಲ. ‘ಹಳೆಯ ಕೌಶಲದ ಉಳಿವು’ ಇದೆ. ನೀಲಾಂಬಿಕೆ ದಾಖಲೆಮನೆಯಲ್ಲಿ ಹುಡುಕಿ ನಿಮ್ಮ ಪೆಟ್ಟಿಗೆಯನ್ನು ತಂದಳು. ಮೂರು ವರ್ಷ ಪ್ರತಿ ಶನಿವಾರ ಮಧ್ಯಾಹ್ನ ಮಹಾನಂದಾ ಅವರ ಮನೆಯಲ್ಲಿ ನೀವಿಬ್ಬರೂ ಕಸೂತಿ ಹಾಕಿ, ತಿಂದು, ಸಿನಿಮಾ ನೋಡಿದ್ದರ ಎರಡು ಸಾವಿರದ ಮುನ್ನೂರು ಫೋಟೋ, ತೊಂಬತ್ತೊಂದು ವೀಡಿಯೋ, ಮತ್ತು ಬಹುಶಃ ಕೈತಪ್ಪಿ ಉಳಿದ ಹದಿನಾಲ್ಕು ಧ್ವನಿಮುದ್ರಣ. ಕೊನೆಗೆ ಒಂದು ವರ್ಷದ ಮಟ್ಟಿಗೆ ಕೋಣೆ ಸಿಕ್ಕಿತು. ಷರತ್ತು ಒಂದೇ: ವರ್ಷದ ಕೊನೆಗೆ ಅಂಗೈ ಅಗಲದ ಕಸೂತಿಯ ಆನೆಯನ್ನು ಪರಿಶೀಲಕಿಗೆ ತೋರಿಸಬೇಕು, ಅದು ಆಧಾರಕ್ಕೆ ಸರಿಹೊಂದಬೇಕು. ಆಧಾರ ಎಂದರೆ ನಿಮ್ಮ ಪೆಟ್ಟಿಗೆ.

ಇಷ್ಟೊಂದನ್ನು ಬಿಟ್ಟುಹೋಗಿ ಇಷ್ಟು ಕಡಿಮೆ ಹೇಳಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಗಿರ್ಮಿಟ್ಟಿನದೇ ನೂರ ಎಂಬತ್ತು ಫೋಟೋ ಇವೆ. ಮೇಲಿನಿಂದ, ಪಕ್ಕದಿಂದ, ಮಿರ್ಚಿಯನ್ನು ಎಡಕ್ಕಿಟ್ಟು, ಬಲಕ್ಕಿಟ್ಟು. ಎಷ್ಟು ಚುರುಮುರಿಗೆ ಎಷ್ಟು ಹುಣಸೆರಸ ಎಂದು ಒಂದು ಕಡೆಯೂ ಇಲ್ಲ. ಒಂದು ವೀಡಿಯೋದಲ್ಲಿ ಶಮೀಮ್ ಕೇಳುತ್ತೀರಿ, “ಉಪ್ಪು ಎಷ್ಟು ಹಾಕಿದಿ?” ಮಹಾನಂದಾ ಹೇಳುತ್ತೀರಿ, “ಹಾಕೀನಿ ನೋಡು, ಬೇಕಾದಷ್ಟು.” ನಾವು ಮೂವರು ಈ ಎರಡು ಸಾಲನ್ನು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಕಲಸಿದ ಹೊತ್ತಿಗೂ ಮೊದಲ ತುತ್ತಿಗೂ ನಡುವೆ ಸರಾಸರಿ ನಾಲ್ಕು ನಿಮಿಷ ಕಳೆಯುತ್ತದೆಂದು ಫೋಟೋಗಳ ಸಮಯ ನೋಡಿ ನಾನೇ ಕಂಡುಹಿಡಿದೆ. ಆ ನಾಲ್ಕು ನಿಮಿಷ ನೀವು ತಟ್ಟೆಗಳನ್ನು ಅತ್ತಿತ್ತ ಸರಿಸುತ್ತೀರಿ. ಅದು ಅಡುಗೆಯ ಭಾಗವೆಂದು ನಂಬಿ ಆರು ತಿಂಗಳು ನಾವೂ ಕೋಣೆಯಲ್ಲಿ ಗಿರ್ಮಿಟ್ಟು ಕಲಸಿ, ತಟ್ಟೆ ಸರಿಸುತ್ತ ಕಾಯ್ದೆವು. ಚುರುಮುರಿ ನೆಂದು ಹಿಟ್ಟಾಗುತ್ತಿತ್ತು. ಗುರುಪಾದ ಒಂದು ಶನಿವಾರ ತಡೆಯಲಾರದೆ ಕಲಸಿದ ಕೂಡಲೇ ಬಾಯಿಗೆ ಹಾಕಿಕೊಂಡು ಕಣ್ಣರಳಿಸಿದ. “ಯವ್ವಾ, ಇದು ಕರುಂ ಕುರುಂ ಅಂತೈತಲ್ಲs! ಅವರು ಯಾಕ ಕಾಯ್ತಿದ್ರು?” ಬಿಸಿಯಾದದ್ದನ್ನು ಆರಿಸಿ, ಗರಿಗರಿಯಾದದ್ದನ್ನು ಮೆತ್ತಗೆ ಮಾಡಿ ತಿನ್ನಲು ನಿಮ್ಮನ್ನು ಯಾರೂ ಒತ್ತಾಯಿಸಿರಲಿಲ್ಲ.

ಸಿನಿಮಾದ ವಿಷಯ ಇನ್ನೂ ಕೆಟ್ಟದ್ದು. ಎರಡೂವರೆ ತಾಸಿನ ಸಿನಿಮಾದಲ್ಲಿ ನೀವು ಉಳಿಸಿದ್ದು ಹದಿನೇಳು ನಿಮಿಷ, ಅದೂ ಟೀವಿಯಿಂದ ಓರೆಯಾಗಿ ಹಿಡಿದದ್ದು. ಚಿತ್ರದ ಎಡಗಡೆ ಪೂರ್ತಿ ಶಮೀಮ್ ಅವರ ತಲೆ. ನಾಯಕಿ ಅಳುವಾಗ ನೀವಿಬ್ಬರೂ ಅವಳ ರವಿಕೆಯ ತೋಳಿನ ಬಗ್ಗೆ ಮಾತಾಡುತ್ತೀರಿ. ಅವಳು ಯಾಕೆ ಅತ್ತಳೆಂದು ನಮಗೆ ಇವತ್ತಿನವರೆಗೂ ಗೊತ್ತಿಲ್ಲ. ನೀಲಾಂಬಿಕೆಯ ಪ್ರಕಾರ ಅವಳ ಅಣ್ಣ ತೀರಿಕೊಂಡಿದ್ದಾನೆ. ಗುರುಪಾದನ ಪ್ರಕಾರ ಅವಳಿಗೆ ಹಲ್ಲುನೋವು. “ಗಲ್ಲ ಹಿಡಕೊಂಡಾಳ ನೋಡು!” “ದುಃಖ ಆದ್ರೂ ಗಲ್ಲ ಹಿಡಕೋತಾರಲೇ, ನಿನಗೇನ ಗೊತ್ತು, ಲಿಫ್ಟಿನ್ಯಾಗ ಹುಟ್ಟಿದಾವ.” ಈ ಜಗಳ ಪ್ರತಿ ವಾರ ನಡೆಯುತ್ತದೆ. ಮೂವರು ಒಂದೇ ಗೋಡೆಯ ಮೇಲೆ ಒಂದೇ ಚಿತ್ರವನ್ನು ನೋಡಿದ್ದು ನಮ್ಮ ಬದುಕಿನಲ್ಲಿ ಅದೇ ಮೊದಲು. ಇದಕ್ಕಾಗಿ ನಿಮಗೆ ಕೃತಜ್ಞಳಾಗಿರಬೇಕಾಗಿತ್ತು. ಆದರೆ ಪೂರ್ತಿ ಸಿನಿಮಾ ನಿಮ್ಮ ಮುಂದಿತ್ತು, ಅದನ್ನು ನೀವು ನೋಡಲಿಲ್ಲ ಎಂಬುದನ್ನು ಮರೆಯಲು ನನ್ನಿಂದ ಆಗುತ್ತಿಲ್ಲ.

ಇನ್ನು ಆನೆ. ಬಟ್ಟೆಯ ಎಳೆ ಎಣಿಸಿ ಹಾಕುವ ಆ ಹೊಲಿಗೆಯನ್ನು ನಿಮ್ಮ ಫೋಟೋ ನೋಡಿ ನೀಲಾಂಬಿಕೆ ಎಂಟು ತಿಂಗಳಲ್ಲಿ ಕಲಿತಳು. ಕಾಲು, ಅಂಬಾರಿ, ಸೊಂಡಿಲು ಎಲ್ಲ ಎಳೆ ತಪ್ಪದೆ ಬಂದವು. ಪರಿಶೀಲಕಿ ಬಂದ ದಿನ ಆನೆಯನ್ನು ಮೇಜಿನ ಮೇಲೆ ಹರಡಿದೆವು. ಆಕೆ ನೋಡಿ, “ತಿರುವ್ರಿ,” ಎಂದಳು. ಗುರುಪಾದ ಹೇಳಿದ, “ಯಾಕ್ರೀ? ಮುಂದ ಆನಿ ಛಲೋ ನಿಂತೈತಲ್ಲ. ಹಿಂದ ಏನ ನೋಡ್ತೀರಿ?” ಎರಡೂ ಬದಿ ನೋಡುವುದು ನಿಯಮ. ನೀಲಾಂಬಿಕೆ ತಿರುಗಿಸಿದಳು. ಹಿಂದೆ ಮೂವತ್ತೆಂಟು ಗಂಟುಗಳಿದ್ದವು. ಆಕೆ ಕೇಳಿದ್ದು ಇಷ್ಟೇ: “ಆಧಾರದೊಳಗ ಹಿಂಬದಿ ಹಿಂಗ ಐತೇನು?” ಎರಡು ಸಾವಿರದ ಮುನ್ನೂರು ಫೋಟೋಗಳಲ್ಲಿ ಒಂದೇ ಒಂದು ಹಿಂಬದಿಯ ಫೋಟೋ ಇಲ್ಲ. ಎಂಟು ದಿನದಲ್ಲಿ ಆಧಾರ ತೋರಿಸಿ, ಇಲ್ಲವಾದರೆ ಕೋಣೆಯ ಕೀಲಿ ಕೊಡಿ ಎಂದು ಬರೆದು ಹೋದಳು. ಅವಳು ಹೋದ ಮೇಲೆ ನೀಲಾಂಬಿಕೆ ಆನೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, “ಮತ್ತ ಆ ಗೂಡಿನ್ಯಾಗ ಒಬ್ಬಾಕೀನ ಕೂಡಾಕ ನನ್ನ ಕೈಲೆ ಆಗೂದಿಲ್ಲ,” ಎಂದಳು. ಅವಳು ಅಂಥ ಮಾತಾಡುವವಳಲ್ಲ.

ಆರನೆಯ ದಿನ ಒಂದು ಧ್ವನಿಮುದ್ರಣದಲ್ಲಿ ನಿಮ್ಮ ಮಾತು ಸಿಕ್ಕಿತು. ಶಮೀಮ್ ಹೇಳುತ್ತೀರಿ, “ಹಿಂದಿಂದೂ ಒಂದು ಫೋಟೋ ತಗಿಯವಾ.” ಮಹಾನಂದಾ ಹೇಳುತ್ತೀರಿ, “ಏ ಸುಮ್ನಿರು. ಆನಿ ಹೊಟ್ಟಿ ಹರದು ಕರಳು ಹೊರಗ ಬಂದಂಗ ಐತಿ. ಬರೇ ಗಂಟು.” “ನಂದೂ ಅಷ್ಟ. ಗಂಟ ಹಾಕದs ದಾರ ಹೆಂಗ ನಿಂದರತೈತಿ?” ಇಬ್ಬರೂ ನಗುತ್ತೀರಿ. ಆಮೇಲೆ ಮುಂದಿನ ಹನ್ನೊಂದು ಸೆಕೆಂಡು ಹೀಗಿದೆ. ಮಹಾನಂದಾ: “ಮ್ಯಾಲಿನ ಮನಿ ಅಜ್ಜಿ ಒಂದ್ ಗಂಟೂ ಹಾಕೂದಿಲ್ಲ. ಹೋದ ದಾರೀಲೇನ ಹೊಳ್ಳಿ ಬರ್ತಾಳ. ಹಿಂದ ಯಾವ್ದು, ಮುಂದ ಯಾವ್ದು, ಗೊತ್ತs ಆಗೂದಿಲ್ಲ.” ಶಮೀಮ್: “ಕರಿ ಮತ್ತ, ಕಲಿಸಲಿ.” ಮಹಾನಂದಾ: “ಬ್ಯಾಡವಾ. ಅಕಿ ಬಂದ್ರ ಬರೇ ಬೈತಾಳ, ಪಿಚ್ಚರ್ ನೋಡಾಕ ಬಿಡೂದಿಲ್ಲ.”

ಹೀಗೆ ನಮಗೆ ಎರಡು ಸಂಗತಿ ಒಟ್ಟಿಗೆ ತಿಳಿದವು. ಕಸೂತಿಯಲ್ಲಿ ಗಂಟು ಇರಲೇಬಾರದು. ನಮ್ಮ ಆಧಾರವಾದ ನಿಮ್ಮಿಬ್ಬರಿಗೂ ಕಸೂತಿ ಬರುತ್ತಿರಲಿಲ್ಲ. ಉಳಿದ ಎರಡು ದಿನ ನೀಲಾಂಬಿಕೆ ಹೋದ ದಾರಿಯಲ್ಲೇ ಹಿಂದಿರುಗಲು ಹೆಣಗಿದಳು. ಪ್ರತಿ ಸಲವೂ ದಾರ ಸೊಂಡಿಲಿನ ನಡುವೆ ಮುಗಿದು, ಬಂದ ಕಡೆಗೆ ಹೋಗಲು ದಾರಿಯೇ ಉಳಿಯುತ್ತಿರಲಿಲ್ಲ. ಎಲ್ಲಿಂದ ಹೊರಡಬೇಕೆಂದು ತೋರಿಸುವವರು ಬೇಕು. ಆ ಒಂದು ವಾಕ್ಯದಿಂದ ಕಲಿಯುವ ವಿದ್ಯೆ ಅದಲ್ಲ.

ಎಂಟನೆಯ ದಿನ ನಾನು ಧ್ವನಿಮುದ್ರಣವನ್ನು ಕಚೇರಿಗೆ ಕೊಟ್ಟೆ. ನಿಮ್ಮ ನಗುವಿನವರೆಗೆ ಮಾತ್ರ. ಹನ್ನೊಂದು ಸೆಕೆಂಡನ್ನು ಕತ್ತರಿಸಿದೆ. ಅನುವಾದಕರು ಒಂದು ಅರ್ಧವಾಕ್ಯ ಬಿಟ್ಟರೂ ಅಂಚಿನಲ್ಲಿ ಗುರುತು ಹಾಕಿ ಹಿಂದಕ್ಕೆ ಕಳಿಸುವುದು ನನ್ನ ಮೂವತ್ತು ವರ್ಷದ ಕೆಲಸ. ಪರಿಶೀಲಕಿ ಕೇಳಿ, ಗಂಟುಗಳನ್ನು ಇನ್ನೊಮ್ಮೆ ಎಣಿಸಿ, ಸರಿಹೊಂದುತ್ತದೆ ಎಂದು ಬರೆದಳು. ಕೋಣೆ ಕಾಯಂ ಆಯಿತು. ಗುರುಪಾದ ಆ ದಿನ ಮಿರ್ಚಿ ಕರಿದು ಮೂವರ ಬಾಯಿಯನ್ನೂ ಸುಟ್ಟ. ಮರುವಾರ ವಾರ್ಡಿನ ಆದೇಶ ಬಂತು: ಮುಂದಿನ ವರ್ಷದಿಂದ ಶಾಲೆಗಳಲ್ಲಿ ಮಕ್ಕಳ ಇಪ್ಪತ್ತು ನಿಮಿಷದ ಕೈಕೆಲಸಕ್ಕೆ ಕಸೂತಿ, ಮುಂದೆ ಆನೆ, ಹಿಂದೆ ಗಂಟು, ಗಂಟಿಗೆ ಅಂಕ. ಆಕ್ಷೇಪಣೆ ಇದ್ದರೆ ಒಂದು ತಿಂಗಳೊಳಗೆ. ಆ ತಿಂಗಳು ಇವತ್ತಿಗೆ ಮುಗಿಯುತ್ತದೆ.

ಕತ್ತರಿಸಿದ್ದನ್ನು ತಿದ್ದುಪಡಿಯಾಗಿ ಕೊಡಲೇ ಎಂದು ನಾನು ನನ್ನ ಸ್ನೇಹಿತರನ್ನು ಕೇಳಿದೆ. ಗುರುಪಾದ ಹೇಳಿದ, “ಹುಡುಗರು ಗಂಟ ಹಾಕಿದ್ರ ಯಾರ ಗಂಟ ಹೋಗತೈತಿ?” ನೀಲಾಂಬಿಕೆ ಅವನ ಕಡೆ ನೋಡಲಿಲ್ಲ. “ನೀನs ಓದಿದಾಕಿ. ನಿನಗ ಹೆಂಗ ಕಾಣತೈತೋ ಹಂಗ ಮಾಡು. ನಾ ಏನೂ ಅನ್ನೂದಿಲ್ಲ,” ಎಂದಳು. ಅವಳು ಅನ್ನುವುದಿಲ್ಲ, ನಿಜ. ಕೀಲಿ ಕೊಟ್ಟು ತನ್ನ ಗೂಡಿಗೆ ಹೋಗಿ ಕೂಡುತ್ತಾಳೆ.

ನಿಮ್ಮನ್ನು ನಾನು ಒಂದು ವರ್ಷ ತಿರಸ್ಕರಿಸಿದ್ದೇನೆ. ಕೇಳದೆ, ಬರೆಯದೆ, ಯಾರ ಅಪ್ಪಣೆಯೂ ಇಲ್ಲದೆ ಕೂಡಲು ನಿಮಗೆ ಮನೆಯಿತ್ತು, ತಿನ್ನಲು ಬಿಸಿ ಇತ್ತು, ನೋಡಲು ಪೂರ್ತಿ ಸಿನಿಮಾ ಇತ್ತು, ಕಲಿಯಲು ಮೇಲಿನ ಮನೆಯಲ್ಲಿ ಅಜ್ಜಿ ಇದ್ದಳು. ಬೈಸಿಕೊಳ್ಳುವ ಸಂಕಟಕ್ಕೆ ಹೆದರಿ ಅವಳನ್ನು ನೀವು ಕರೆಯಲಿಲ್ಲ. ಗಡಿಯಾರದಲ್ಲಿ ಈಗ ಐದಕ್ಕೆ ಆರು ನಿಮಿಷ ಇದೆ. ಕಚೇರಿ ಎರಡು ಅಂತಸ್ತು ಕೆಳಗೆ. ಆ ಹನ್ನೊಂದು ಸೆಕೆಂಡು ನನ್ನ ಮೇಜಿನ ಮೇಲಿದೆ. ನಾನು ಹೋಗುವುದಿಲ್ಲ. ನನ್ನ ತಿರಸ್ಕಾರದಲ್ಲಿ ನನಗೂ ಒಂದು ಪಾಲು ತೆಗೆದಿಟ್ಟುಕೊಂಡಿದ್ದೇನೆ, ಇದನ್ನು ನೀವು ಸಮಾಧಾನವೆಂದು ತಿಳಿಯಬಾರದು.

ಇದನ್ನು ತಿದ್ದುವ ಗಡುವು ನನ್ನ ಕಡೆ ಮುಗಿಯಿತು, ನಿಮ್ಮ ಕಡೆ ಇನ್ನೂ ಇದೆ. ಆ ಅಜ್ಜಿ ನಿಮ್ಮ ತಲೆಯ ಮೇಲಿನ ಮನೆಯಲ್ಲೇ ಇದ್ದಾಳೆ, ನಾಲ್ಕು ಮೆಟ್ಟಿಲು ಹತ್ತಿದರೆ ಬಾಗಿಲು. ನೀವು ಅವಳಿಂದ ಕಲಿತರೆ ನಿಮ್ಮ ಪೆಟ್ಟಿಗೆಯಲ್ಲಿ ಹಿಂಬದಿಯೂ ಇರುತ್ತದೆ, ನೀಲಾಂಬಿಕೆ ಅದನ್ನು ನೋಡಿ ಕಲಿಯುತ್ತಾಳೆ, ನಾನು ಕತ್ತರಿಸಬೇಕಾದದ್ದು ಏನೂ ಇರುವುದಿಲ್ಲ. ಶನಿವಾರ ಅವಳನ್ನು ಕರೆಯಿರಿ. ಬಂದರೆ ಬೈಯುತ್ತಾಳೆ. ಬೈಸಿಕೊಳ್ಳಿ. ಅವತ್ತೊಂದು ದಿನ ಟೀವಿ ಹಚ್ಚಬೇಡಿ.

ಸರ್ವಮಂಗಳಾ