ಎಂಟನೇ ಕ್ಲಾಸಿನ ಪುಸ್ತಕದಲ್ಲಿಲ್ಲದ ಪ್ರಶ್ನೆ

ಭಾನುವಾರ ಮಧ್ಯಾಹ್ನ,
ಬೇಕರಿಯಿಂದ

ಪ್ರೀತಿಯ ಟೀಚರಮ್ಮನಿಗೆ,

ಹೀಗೆ ಕರೆದರೆ ನಿನಗೆ ಸಿಟ್ಟು ಬರುತ್ತದೆಂದು ಗೊತ್ತು. ಮೊದಲು ಈ ಹೆಸರನ್ನು ನಿನ್ನನ್ನು ಕೆಣಕುವುದಕ್ಕೇ ಇಟ್ಟುಕೊಂಡಿದ್ದೆ. ಈ ಸಲ ಹಾಗಲ್ಲ. ಪೂರ್ತಿ ಓದಿ ನೀನೇ ತೀರ್ಮಾನ ಮಾಡು.

ನಾನೂ ಮಗಳೂ ಚೆನ್ನಾಗಿದ್ದೇವೆ. ಅವಳ ಪರೀಕ್ಷೆ ಮುಗಿಯಿತು. ವಿಜ್ಞಾನ ಸುಲಭವಿತ್ತಂತೆ. ಗಣಿತದಲ್ಲಿ ಒಂದೇ ಒಂದು ಲೆಕ್ಕ ಬಿಟ್ಟಳಂತೆ, ಅದೂ ಹೊತ್ತು ಸಾಲದೆ, ಗೊತ್ತಿಲ್ಲದೆ ಅಲ್ಲವಂತೆ. ನಮ್ಮ ಚಿನಕುರುಳಿಯ ಮಾತು, ನಂಬುವಷ್ಟು ನಂಬು.

ಈಗ ತಪ್ಪೊಪ್ಪಿಗೆ. ಈ ಒಂಬತ್ತು ತಿಂಗಳಲ್ಲಿ ಅವಳ ಹೆಸರಿನಲ್ಲಿ ನಿನಗೆ ಬಂದ ಡೌಟುಗಳಲ್ಲಿ ಅವಳದು ಮೊದಲನೆಯದು ಮಾತ್ರ. ಮಿಕ್ಕವೆಲ್ಲ ನನ್ನವು. ಅಕ್ಷರ ಅವಳದು, ಪ್ರಶ್ನೆ ನನ್ನದು. ಪ್ರತಿ ಕಾಗದಕ್ಕೂ ಒಂದು ಕ್ರೀಮ್ ಬನ್ ಲಂಚ ಕೊಟ್ಟಿದ್ದೇನೆ.

ನೀನು ಆ ಊರಿನ ಶಾಲೆಗೆ ಹೊರಟು ನಿಂತಾಗ ಅಣ್ಣ ಅತ್ತಿಗೆಯ ಎದುರಿಗೆ, ಊಟದ ಮಧ್ಯೆ, ನಾನು ಅಂದದ್ದು ನಿನಗೆ ಮರೆತಿರಲಾರದು. "ಬೋರ್ಡಿನ ಮೇಲೆ ಬರೆದದ್ದು ಯಾರ ಹೊಟ್ಟೆ ತುಂಬುತ್ತೆ? ನಾಳೆ ಒರೆಸಿ ಹಾಕ್ತಾರೆ." ನೀನು ಎದ್ದು ಕೈ ತೊಳೆದುಕೊಂಡೆ. ಮಗಳಿಗೆ ವರ್ಷ ಮುಗಿಯುವ ತನಕ ಇಲ್ಲೇ ಇರು ಎಂದು ಹೇಳಿ ಮರುದಿನ ಬಸ್ಸು ಹತ್ತಿದೆ. ಆಮೇಲೆ ಫೋನಿನಲ್ಲಿ ಅವಳ ಜೊತೆ ಎಷ್ಟು ಹೊತ್ತಾದರೂ ಮಾತಾಡುತ್ತಿದ್ದೆ, ನನ್ನ ಸರದಿ ಬಂದ ಕೂಡಲೇ ಬೆಲ್ ಹೊಡೆಯಿತು ಎಂದು ಇಟ್ಟುಬಿಡುತ್ತಿದ್ದೆ. ನಿಮ್ಮ ಶಾಲೆಯಲ್ಲಿ ಭಾನುವಾರವೂ ಬೆಲ್ ಹೊಡೆಯುತ್ತಿತ್ತು.

ಒಂದು ಸಂಜೆ ನಾನು ಹಿಟ್ಟು ನಾದುತ್ತಿದ್ದಾಗ ಅವಳು ಪುಸ್ತಕ ಹಿಡಿದು ಬಂದಳು. ಮೈನಸ್ಸನ್ನು ಮೈನಸ್ಸಿನಿಂದ ಗುಣಿಸಿದರೆ ಪ್ಲಸ್ ಯಾಕೆ? ಅದು ರೂಲು, ಬಾಯಿಪಾಠ ಮಾಡು ಎಂದೆ. "ಯಾಕೆ ಅಂತ ಕೇಳಿದ್ರೆ ರೂಲು ಅಂತೀಯ. ಅಮ್ಮ ಆಗಿದ್ರೆ ಹಾಗನ್ನಲ್ಲ" ಎಂದು ಸೀದಾ ಹೋಗಿ ನಿನಗೆ ಬರೆದಳು.

ನಿನ್ನ ಉತ್ತರ ಬಂತು. ಮೂರನ್ನು ಮೈನಸ್ ಎರಡರಿಂದ ಗುಣಿಸಿದರೆ ಮೈನಸ್ ಆರು. ಎರಡನ್ನು ಗುಣಿಸಿದರೆ ಮೈನಸ್ ನಾಲ್ಕು. ಒಂದನ್ನು ಗುಣಿಸಿದರೆ ಮೈನಸ್ ಎರಡು. ಸೊನ್ನೆಯನ್ನು ಗುಣಿಸಿದರೆ ಸೊನ್ನೆ. ಉತ್ತರ ಒಂದೊಂದು ಮೆಟ್ಟಿಲಿಗೂ ಎರಡೆರಡು ಮೇಲೇರುತ್ತಿದೆ. ಮುಂದಿನ ಮೆಟ್ಟಿಲು ಮೈನಸ್ ಒಂದು, ಅಲ್ಲಿ ಉತ್ತರ ಪ್ಲಸ್ ಎರಡಲ್ಲದೆ ಇನ್ನೇನಾದೀತು ಎಂದು ನೀನು ಕೇಳಿದ್ದೆ. ಮಗಳು ಓದಿ "ಓ, ಇಷ್ಟೇನಾ" ಎಂದು ಆಟಕ್ಕೆ ಓಡಿದಳು. ನಾನು ಮೈದಾ ಮೆತ್ತಿದ ಕೈಯಲ್ಲಿ ನಿಂತಲ್ಲೇ ಮೂರು ಸಲ ಓದಿದೆ. ಚಿಕ್ಕವನಿದ್ದಾಗ ಇದೇ ಪ್ರಶ್ನೆ ಕೇಳಿ ಮೇಷ್ಟ್ರಿಂದ ಬೆತ್ತದ ಏಟು ತಿಂದವನು ನಾನು. ಆ ಕಾಗದ ಈಗಲೂ ಹಿಟ್ಟಿನ ತೊಟ್ಟಿಯ ಮೇಲಿನ ಗೋಡೆಯಲ್ಲಿದೆ, ಅರ್ಧ ಎಣ್ಣೆಯಾಗಿ.

ಅಲ್ಲಿಂದ ನನಗೆ ಚಟ ಹತ್ತಿತು. ಸೋಡಾ ಹಾಕಿದರೂ ಹಿಟ್ಟು ಉಬ್ಬುತ್ತದೆ, ಯೀಸ್ಟ್ ಹಾಕಿದರೂ ಉಬ್ಬುತ್ತದೆ, ಯಾಕೆ? ಎರಡರಿಂದಲೂ ಬರುವ ಅನಿಲ ಒಂದೇ ಎಂದು ನೀನು ಬರೆದೆ. ಸೋಡಾದ್ದು ರಸಾಯನಶಾಸ್ತ್ರ, ಯೀಸ್ಟಿನದು ಜೀವಶಾಸ್ತ್ರ, ಯಾಕೆಂದರೆ ಯೀಸ್ಟಿಗೆ ಜೀವವಿದೆ, ಅದು ಸಕ್ಕರೆ ತಿಂದು ಅನಿಲ ಬಿಡುತ್ತದೆ ಎಂದೆ. ಇಪ್ಪತ್ತೆರಡು ವರ್ಷ ನಾನು ಅದನ್ನು ಉಪ್ಪಿನ ಹಾಗೆ ಒಂದು ಪುಡಿ ಎಂದುಕೊಂಡಿದ್ದೆ. ಮರುದಿನ ಡಬ್ಬಿಯ ಮುಚ್ಚಳ ತೆಗೆಯುವಾಗ ಕೈ ಮೆತ್ತಗಾಯಿತು. ಹಾಗಾದರೆ ಭಟ್ಟಿಯೊಳಗೆ ನಾವು ಅದನ್ನು ಕೊಲ್ಲುತ್ತೇವೆಯೇ ಎಂದು ಬರೆಸಿದೆ. ಹೌದು, ಆದರೆ ಅಷ್ಟರಲ್ಲಿ ಅದರ ಕೆಲಸ ಮುಗಿದಿರುತ್ತದೆ, ನಿಮ್ಮಪ್ಪನಿಗೆ ಬೇಸರ ಬೇಡವೆನ್ನು, ಎಂದು ನೀನು ಉತ್ತರಿಸಿದೆ. ನೀನು ಹೋದ ಮೇಲಿನ ಐದು ತಿಂಗಳಲ್ಲಿ ನಿನ್ನ ಕಾಗದದಲ್ಲಿ ನಾನು ಬಂದದ್ದು ಅದೇ ಮೊದಲು. ಆ ದಿನದ ಬನ್ನುಗಳಿಗೆ ಸಕ್ಕರೆ ಎರಡು ಸಲ ಬಿತ್ತೆಂದು ಗಿರಾಕಿಗಳು ಹೇಳಿದರು.

ಇನ್ನೊಂದು ವಿಷಯ. ಚಳಿ ಬಂತೆಂದರೆ ನನ್ನ ಬ್ರೆಡ್ಡು ಇಟ್ಟಿಗೆಯಾಗುತ್ತಿದ್ದದ್ದು ನಿನಗೆ ನೆನಪಿದೆಯಲ್ಲ. ತಣ್ಣಗಿದ್ದರೆ ಯೀಸ್ಟ್ ಮಂದವಾಗುತ್ತದೆ ಎಂದು ನೀನು ಬರೆದ ಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ, ತೊಟ್ಟಿಗೆ ಹಳೆಯ ಕಂಬಳಿ ಹೊದಿಸಿದೆ. ಈ ಚಳಿಯಲ್ಲಿ ಬ್ರೆಡ್ಡು ಹತ್ತಿಯ ಹಾಗೆ ಬಂತು. ಬೋರ್ಡಿನ ಮೇಲೆ ಬರೆಯುವ ಮಾತು ಈ ಬೀದಿಯವರ ಹೊಟ್ಟೆ ತುಂಬಿಸಿತು. ನನ್ನ ಬಾಯಿಂದ ಇದನ್ನು ಹೇಳಿಸಬೇಕೆಂದಿದ್ದರೆ, ಇಗೋ, ಹೇಳಿದ್ದೇನೆ.

ಕಳೆದ ತಿಂಗಳು ಮಗಳ ವಿಜ್ಞಾನದ ಮೇಷ್ಟ್ರು ನನ್ನನ್ನು ಕರೆಸಿದರು. ನಮ್ಮಪ್ಪ ಯೀಸ್ಟಿನ ಜೊತೆ ಮಾತಾಡುತ್ತಾನೆ ಎಂದು ಇವಳು ಕ್ಲಾಸಿನಲ್ಲೆಲ್ಲ ಸಾರಿದ್ದಳಂತೆ. ಒಂದು ಬೋಗುಣಿ ಹಿಟ್ಟು ಹಿಡಿದು ನಲವತ್ತೆರಡು ಮಕ್ಕಳ ಮುಂದೆ ನಿಂತೆ. ಸೀಮೆಸುಣ್ಣ ಎರಡು ಸಲ ಮುರಿಯಿತು. ಆದರೂ ಹಿಟ್ಟು ಅವರ ಕಣ್ಣೆದುರೇ ಉಬ್ಬಿದಾಗ ಆ ಮುಖಗಳನ್ನು ನೋಡಬೇಕಿತ್ತು. ನೀನು ದಿನಾ ನೋಡುವುದು ಅದನ್ನೇ ಅಲ್ಲವೇ? ಅದನ್ನು ಬಿಟ್ಟು ನನ್ನ ಅಂಗಡಿಯಲ್ಲಿ ಕೂತಿರು ಎಂದವನು ನಾನು.

ಆಮೇಲೆ ಪ್ರಶ್ನೆಗಳ ಸುರಿಮಳೆ. ಸೊನ್ನೆಯಿಂದ ಯಾಕೆ ಭಾಗಿಸಬಾರದು ಎಂದು ಒಬ್ಬಳು ಕೇಳಿದಳು. ಹಿಂದೊಂದು ಕಾಗದದಲ್ಲಿ ನೀನು ಬರೆದಿದ್ದ ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಹನ್ನೆರಡು ಬನ್ನಿವೆ, ಒಬ್ಬೊಬ್ಬರಿಗೆ ಸೊನ್ನೆ ಬನ್ನು ಕೊಡುತ್ತಾ ಹೋದರೆ ಎಷ್ಟು ಜನ ಬಂದರೆ ತಟ್ಟೆ ಖಾಲಿಯಾದೀತು? ಎಷ್ಟು ಜನ ಬಂದರೂ ಇಲ್ಲ, ಅದಕ್ಕೇ ಆ ಲೆಕ್ಕಕ್ಕೆ ಉತ್ತರವಿಲ್ಲ ಎಂದೆ. ಮಕ್ಕಳು ನಕ್ಕರು. ಅವಳು ಬಿಡಲಿಲ್ಲ. "ಹಾಗಾದ್ರೆ ಸೊನ್ನೆ ಬನ್ನನ್ನ ಸೊನ್ನೆಯಿಂದ ಭಾಗಿಸಿದ್ರೆ?" ಎಂದಳು. "ಗೊತ್ತಿಲ್ಲಮ್ಮ. ನಮ್ಮನೇಲಿ ಟೀಚರ್ ಇದ್ದಾರೆ, ಕೇಳ್ಕೊಂಡು ಬಂದು ಹೇಳ್ತೀನಿ" ಎಂದೆ.

ನಮ್ಮನೇಲಿ ಇದ್ದಾರೆ ಎಂಬ ಮಾತು ತಾನಾಗಿಯೇ ಬಂದುಬಿಟ್ಟಿತ್ತು. ಅಂಗಡಿಗೆ ವಾಪಸು ಬಂದು ಖಾರದ ಬನ್ನಿಗೆ ಈರುಳ್ಳಿ ಹೆಚ್ಚಲು ಕೂತೆ. ಒಂದು ಈರುಳ್ಳಿಯೂ ಮುಗಿದಿರಲಿಲ್ಲ, ಕಣ್ಣು ಧಾರಾಕಾರ. ಈರುಳ್ಳಿಯಿಂದ ಬರುವ ಕಣ್ಣೀರೂ ಅತ್ತಾಗ ಬರುವ ಕಣ್ಣೀರೂ ಒಂದೇನಾ ಎಂದು ಅವತ್ತೇ ಮಗಳ ಕೈಯಲ್ಲಿ ಬರೆಸಿದೆ.

ಮೊನ್ನೆ ನಿನ್ನ ಉತ್ತರ ಬಂತು. ಲಕೋಟೆಯ ಮೇಲೆ ಈ ಸಲ ನನ್ನ ಹೆಸರಿತ್ತು. ಕಣ್ಣೀರು ಸುರಿಸುವ ಗ್ರಂಥಿ ಒಂದೇ, ಆದರೆ ಅಪ್ಪಣೆ ಬೇರೆ ಬೇರೆ ಕಡೆಯಿಂದ ಬರುತ್ತದೆ ಎಂದು ವಿವರಿಸಿ, ಕೆಳಗೆ ಬರೆದಿದ್ದೆ: "ಇದು ಎಂಟನೇ ಕ್ಲಾಸಿನ ಪುಸ್ತಕದಲ್ಲಿ ಇಲ್ಲ. ಅತ್ತದ್ದು ಯಾರು? ನೀವಾಗಿದ್ದರೆ ಬಂದು ಹೇಳಿ."

ನಾನೇ ಅತ್ತದ್ದು.

ಬೆಂದ ಬ್ರೆಡ್ಡನ್ನು ಮತ್ತೆ ಹಿಟ್ಟು ಮಾಡಲಾಗದು ಎಂದು ನೀನೇ ಒಂದು ಕಾಗದದಲ್ಲಿ ಬರೆದಿದ್ದೆ. ಅವತ್ತು ಊಟದ ಹೊತ್ತಿಗೆ ಆಡಿದ್ದನ್ನು ನಾನು ಹಿಂದಕ್ಕೆ ತೆಗೆದುಕೊಳ್ಳಲಾರೆ. ತಪ್ಪಾಯಿತು ಎನ್ನಬಲ್ಲೆ, ಅಷ್ಟೇ. ಅಣ್ಣ ಅತ್ತಿಗೆಯ ಎದುರಿಗೂ ಹೇಳಿ ಬಂದಿದ್ದೇನೆ. ಅತ್ತಿಗೆ ಇಷ್ಟು ತಡವಾಗಿಯಾ ಎಂದು ನನ್ನನ್ನೇ ಬೈದರು.

ಕೆಲಸ ಬಿಟ್ಟು ಬಾ ಎನ್ನುವುದಕ್ಕೆ ಇದನ್ನು ಬರೆಯುತ್ತಿಲ್ಲ. ಅಲ್ಲೇ ಇರು, ಪಾಠ ಮಾಡು. ಆ ಊರಿನವರೂ ಬ್ರೆಡ್ಡು ತಿನ್ನುತ್ತಾರೆ ತಾನೇ?

ಇಂತಿ,
ನಿನ್ನವನು

ಮರೆತ ಮಾತು: ಇದನ್ನು ಸೋಮವಾರ ಸೇರಿಸುತ್ತಿದ್ದೇನೆ. ಲಕೋಟೆಗೆ ಅಂಚೆಚೀಟಿ ಇಲ್ಲದ್ದನ್ನು ನೋಡಿರುತ್ತೀಯ. ಸ್ಟಾಫ್ ರೂಮಿಗೆ ಬಂದು ಇದನ್ನು ನಿನ್ನ ಕೈಗಿಟ್ಟ ಚಿನಕುರುಳಿಯ ಜೊತೆ ನಾನೂ ಬಂದಿದ್ದೇನೆ, ಗೇಟಿನ ಹೊರಗೆ ಸೈಕಲ್ ಸ್ಟ್ಯಾಂಡಿನ ಪಕ್ಕ ನಿಂತಿದ್ದೇನೆ. ಬೇಕರಿಯನ್ನು ತಮ್ಮನಿಗೆ ಒಪ್ಪಿಸಿಯಾಯಿತು. ಕೈಯಲ್ಲಿರುವುದು ಎರಡು ದಿನದ ಚೀಲವಲ್ಲ, ದೊಡ್ಡ ಟ್ರಂಕು. ನಿನ್ನ ಕ್ಲಾಸಿನ ಮಕ್ಕಳಿಗೆ ಪರೀಕ್ಷೆ ಹತ್ತಿರವಂತೆ, ಪಾಠ ಮುಗಿಸಿಯೇ ಬಾ.